‘ವಾಸಿ’ ಎಂಬ ಮಾತಿಗೆ ಎರಡು ಅರ್ಥ

ನಮ್ಮ ಭಾಷೆಯ ‘ವಾಸಿ’ ಎಂಬ ಪದ ದಿನಬಳಕೆಯದಾದರೂ ಸಾಮಾನ್ಯವಾದುದಲ್ಲ. ಜ್ವರದಿಂದ ಎದ್ದವನನ್ನು ಕಂಡು ‘ವಾಸಿಯಾಯಿತೆ?’ ಎಂದು ಕೇಳುತ್ತೇವೆ. ಅಲ್ಲಿ ನಾವು ಕೇಳುತ್ತಿರುವುದು ರೋಗ ಸಂಪೂರ್ಣವಾಗಿ ತೊಲಗಿತೆ ಎಂದು. ‘ಸಾಲ ಮಾಡುವುದಕ್ಕಿಂತ ಅರೆಹೊಟ್ಟೆ ಉಣ್ಣುವುದು ವಾಸಿ’ ಎನ್ನುವಾಗ ಅದೇ ಪದ ಬೇರೊಂದು ಕೆಲಸ ಮಾಡುತ್ತದೆ. ಅಲ್ಲಿ ಸಂಪೂರ್ಣತೆಯ ಮಾತಿಲ್ಲ. ಒಂದಕ್ಕಿಂತ ಇನ್ನೊಂದು ಮೇಲು ಎಂಬ ಹೋಲಿಕೆಯಷ್ಟೇ ಇದೆ. ನಾನಾರ್ಥಗಳ ಪಾಠ ಹೇಳುವಾಗ ಈ ಪದವನ್ನು ವಿದ್ಯಾರ್ಥಿಗಳ ಮುಂದೆ ನಾನು ಹಲವು ಬಾರಿ ಉದಾಹರಿಸಿದ್ದುಂಟು. ಈ ಎರಡು ಅರ್ಥಗಳ ನಡುವಣ ಅಂತರ ಮನುಷ್ಯನ ಬಾಳಿನಲ್ಲಿ ಎಷ್ಟು ದೊಡ್ಡದಾಗಬಲ್ಲುದು ಎಂಬುದು ನನಗೆ ಮನದಟ್ಟಾದದ್ದು ಮಾತ್ರ ನಿಘಂಟಿನಿಂದಲ್ಲ. ಯಕೃತ್ತಿನ ಅರ್ಬುದರೋಗಕ್ಕೆ, ಎಂದರೆ ಲಿವರ್ ಕ್ಯಾನ್ಸರಿಗೆ, ಮಾಡುವ ಶಸ್ತ್ರಚಿಕಿತ್ಸೆಯ ದೂರಕಾಲದ ಫಲವನ್ನು ಕುರಿತು ಓದತೊಡಗಿದ ಮೇಲೆ.

ವೈದ್ಯಶಾಸ್ತ್ರ ನನ್ನ ಅಧ್ಯಯನದ ಕ್ಷೇತ್ರವಲ್ಲ. ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಹೇಳಿಕೊಡುವುದು ನನ್ನ ವೃತ್ತಿ. ಆದರೆ ಮಲೆನಾಡಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನನ್ನ ಅಣ್ಣನಿಗೆ ಈ ರೋಗವಿದೆಯೆಂದು ೨೦೧೫ರಲ್ಲಿ ತಿಳಿದುಬಂತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನ ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಅಂದಿನಿಂದ ಮನೆಗೆ ಬಂದವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ‘ವಾಸಿಯಾಯಿತೆ?’ ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಯಾವುದು? ಅದನ್ನು ಹುಡುಕುತ್ತ ಓದಿದ್ದನ್ನೂ ವೈದ್ಯರ ಬಾಯಿಂದ ಕೇಳಿ ತಿಳಿದದ್ದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ರೋಗದ ವಿಸ್ತಾರವನ್ನು ಗಮನಿಸೋಣ. ಜಗತ್ತಿನಲ್ಲಿ ೨೦೨೨ರಲ್ಲಿ ಸುಮಾರು ೮ ಲಕ್ಷ ೬೫ ಸಾವಿರ ಮಂದಿಗೆ ಯಕೃತ್ತಿನ ಅರ್ಬುದ ಹೊಸದಾಗಿ ಕಾಣಿಸಿಕೊಂಡಿತೆಂದೂ ಸುಮಾರು ೭ ಲಕ್ಷ ೫೮ ಸಾವಿರ ಮಂದಿ ಅದರಿಂದ ಸತ್ತರೆಂದೂ ಅಂದಾಜು. ಹುಟ್ಟುವ ರೋಗಕ್ಕೂ ಆಗುವ ಸಾವಿಗೂ ಇಷ್ಟು ಕಡಮೆ ಅಂತರವಿರುವ ಅರ್ಬುದಗಳು ಹೆಚ್ಚಿಲ್ಲ. ಇದಕ್ಕೆ ಕಾರಣ ಆ ಅಂಗದ ಮೌನ. ಬಲಪಕ್ಕೆಯ ಮರೆಯಲ್ಲಿ ಒಂದೂಕಾಲು, ಒಂದೂವರೆ ಕಿಲೋಗ್ರಾಂ ತೂಗುತ್ತ ಕುಳಿತಿರುವ ಯಕೃತ್ತು ತನ್ನೊಳಗೆ ಗಡ್ಡೆ ಬೆಳೆಯುತ್ತಿದ್ದರೂ ಬಹುಕಾಲ ನೋವೆಂದು ಕೂಗುವುದಿಲ್ಲ. ಅದು ಕೂಗುವ ಹೊತ್ತಿಗೆ ಗಡ್ಡೆ ಬಲಿತಿರುತ್ತದೆ, ಇಲ್ಲವೆ ರಕ್ತನಾಳಗಳಿಗೆ ಇಳಿದಿರುತ್ತದೆ. ಆದುದರಿಂದ ಕತ್ತಿ ಹಿಡಿಯಲು ಶಸ್ತ್ರವೈದ್ಯನಿಗೆ ಅವಕಾಶ ದೊರೆಯುವುದು ರೋಗಿಗಳಲ್ಲಿ ಸ್ವಲ್ಪ ಭಾಗದವರ ವಿಷಯದಲ್ಲಿ ಮಾತ್ರ.

ಯಕೃತ್ತಿಗೆ ಕತ್ತಿ ತಾಗಿಸುವ ಧೈರ್ಯವೇ ಮನುಷ್ಯನಿಗೆ ಬಹಳ ತಡವಾಗಿ ಬಂತು. ಅದು ರಕ್ತದಲ್ಲಿ ನೆನೆದ ಅಂಗ. ಗಾಯವಾದರೆ ಹೊಲಿಗೆ ನಿಲ್ಲದೆ ಹರಿದುಹೋಗುತ್ತದೆ. ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಯಕೃತ್ತಿನ ಒಂದು ಭಾಗವನ್ನು ಉದ್ದೇಶಪೂರ್ವಕವಾಗಿ ಕತ್ತರಿಸಿ ತೆಗೆದುದನ್ನು ೧೮೮೮ರಲ್ಲಿ ಪ್ರಕಟಿಸಿದನು. ಗ್ಲಾಸ್ಗೋ ನಗರದ ಹೊಗಾರ್ತ್ ಪ್ರಿಂಗಲ್ ಎಂಬಾತ, ಯಕೃತ್ತಿನೊಳಗೆ ರಕ್ತ ತರುವ ನಾಳಗಳ ಕಟ್ಟನ್ನು ಬೆರಳುಗಳಿಂದ ಅದುಮಿ ಹಿಡಿದರೆ ರಕ್ತಸ್ರಾವವನ್ನು ತಡೆಯಬಹುದೆಂದು ೧೯೦೮ರಲ್ಲಿ ತೋರಿಸಿದನು. ಆ ಉಪಾಯ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮುಂದೆ ಫ್ರಾನ್ಸಿನ ಕ್ಲೋದ್ ಕ್ವಿನೋ ೧೯೫೭ರಲ್ಲಿ ಯಕೃತ್ತು ಒಂದೇ ಮುದ್ದೆಯಲ್ಲವೆಂದೂ ತಮ್ಮ ತಮ್ಮ ರಕ್ತನಾಳಗಳನ್ನೂ ಪಿತ್ತನಾಳಗಳನ್ನೂ ಉಳ್ಳ ಎಂಟು ಖಂಡಗಳಿಂದ ಕೂಡಿದೆಯೆಂದೂ ವಿವರಿಸಿದನು. ಗಡಿಗಳು ತಿಳಿದ ಮೇಲೆ, ನೆರೆಯವನ ಹೊಲ ತುಳಿಯದೆ ತನ್ನ ಪಾಲನ್ನು ಕೊಯ್ಯುವ ರೈತನಂತೆ, ಶಸ್ತ್ರವೈದ್ಯನೂ ಬೇಕಾದ ಖಂಡವನ್ನಷ್ಟೇ ತೆಗೆಯಲು ಕಲಿತನು. ೧೯೭೦ರ ದಶಕದಲ್ಲಿ ಯಕೃತ್ತಿನ ದೊಡ್ಡ ಭಾಗವನ್ನು ತೆಗೆದಾಗ ಐವರಲ್ಲಿ ಒಬ್ಬರಷ್ಟು ರೋಗಿಗಳು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಿದ್ದರು. ಇಂದು ಅನುಭವವುಳ್ಳ ಕೇಂದ್ರಗಳಲ್ಲಿ ಆ ಸಂಖ್ಯೆ ನೂರಕ್ಕೆ ಐದಕ್ಕಿಂತ ಕೆಳಗಿದೆ.

ಈ ಅಂಗಕ್ಕೆ ಪ್ರಕೃತಿ ಕೊಟ್ಟಿರುವ ವರವೂ ಒಂದಿದೆ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗವನ್ನು ತೆಗೆದರೂ ಉಳಿದ ಭಾಗ ಕೆಲವೇ ದಿನಗಳಲ್ಲಿ ಮೊದಲಿನ ತೂಕಕ್ಕೆ ಬೆಳೆಯುತ್ತದೆಂದು ಹಿಗಿನ್ಸ್ ಮತ್ತು ಆಂಡರ್ಸನ್ ಎಂಬಿಬ್ಬರು ೧೯೩೧ರಲ್ಲಿ ತೋರಿಸಿದರು. ಮನುಷ್ಯನಲ್ಲಿಯೂ ಹಾಗೆಯೇ ವಾರಗಳಲ್ಲಿ, ತಿಂಗಳುಗಳಲ್ಲಿ ನಡೆಯುತ್ತದೆ. ಕಡಿದ ಭಾಗವೇ ಮತ್ತೆ ಚಿಗುರುವುದಿಲ್ಲ. ಉಳಿದ ಭಾಗ ಹಿಗ್ಗಿ ಹೋದದ್ದರ ಕೆಲಸವನ್ನೂ ಹೊರುತ್ತದೆ, ಅಣ್ಣತಮ್ಮಂದಿರಲ್ಲಿ ಒಬ್ಬ ಹೋದರೆ ಇದ್ದವನು ಸಂಸಾರ ಹೊರುವಂತೆ. ಆದರೆ ಈ ವರ ಆರೋಗ್ಯವಂತ ಯಕೃತ್ತಿಗೆ ಮಾತ್ರ ಪೂರ್ಣವಾಗಿ ಫಲಿಸುವುದು. ಅರ್ಬುದ ಹುಟ್ಟುವುದಾದರೋ ಬಹುಮಟ್ಟಿಗೆ ಆರೋಗ್ಯವಂತ ಯಕೃತ್ತಿನಲ್ಲಲ್ಲ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸು, ಮದ್ಯ, ಕೊಬ್ಬು ಇವುಗಳಿಂದ ವರ್ಷಾನುಗಟ್ಟಲೆ ಬೆಂದು, ಗಾಯ ಮಾಯ್ದು, ಮತ್ತೆ ಬೆಂದು, ಗಂಟುಗಂಟಾಗಿ ಗಡುಸಾದ ಯಕೃತ್ತಿನಲ್ಲಿ ಅದು ಹೆಚ್ಚಾಗಿ ಹುಟ್ಟುತ್ತದೆ. ಈ ಸ್ಥಿತಿಗೆ ವೈದ್ಯರು ಸಿರೋಸಿಸ್ ಎನ್ನುತ್ತಾರೆ. ದೂರಕಾಲದ ಫಲದ ಕಥೆಯೆಲ್ಲ ಅಡಗಿರುವುದು ಇಲ್ಲಿಯೇ.

ಫಲವನ್ನು ಅಳೆಯುವ ಬಗೆ ಹೇಗೆ? ಅರ್ಬುದವೈದ್ಯರು ‘ಐದು ವರ್ಷದ ಉಳಿವು’ ಎಂಬ ಮಾತನ್ನು ಬಳಸುತ್ತಾರೆ. ಶಸ್ತ್ರಚಿಕಿತ್ಸೆಯಾದ ನೂರು ಮಂದಿಯಲ್ಲಿ ಐದು ವರ್ಷಗಳ ತರುವಾಯ ಬದುಕಿರುವವರೆಷ್ಟು ಎಂಬ ಲೆಕ್ಕ ಅದು. ಎಲ್ಲ ರೋಗಿಗಳೂ ಒಂದೇ ದಿನ ಚಿಕಿತ್ಸೆ ಪಡೆದವರಲ್ಲ; ಕೆಲವರು ಊರು ಬಿಟ್ಟು ಹೋಗಿ ಸುದ್ದಿಯಿಲ್ಲದಾಗುತ್ತಾರೆ. ಇಂತಹ ಅಪೂರ್ಣ ಮಾಹಿತಿಯಿಂದಲೂ ಸರಿಯಾದ ಲೆಕ್ಕ ತೆಗೆಯುವ ವಿಧಾನವನ್ನು ಕ್ಯಾಪ್ಲನ್ ಮತ್ತು ಮೈಯರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ೧೯೫೮ರಲ್ಲಿ ಸೂಚಿಸಿದರು. ಅವರ ನಕ್ಷೆ ಎಡದಿಂದ ಬಲಕ್ಕೆ ಇಳಿಯುವ ಮೆಟ್ಟಿಲುಗಳಂತೆ ಕಾಣುತ್ತದೆ. ಪ್ರತಿಯೊಂದು ಮೆಟ್ಟಿಲೂ ಒಂದು ಸಾವು. ಮೆಟ್ಟಿಲುಗಳು ಎಲ್ಲಿಯಾದರೂ ನಿಂತು ಸಮತಟ್ಟಾದ ಜಗಲಿ ಕಾಣಿಸಿಕೊಂಡರೆ, ಅಲ್ಲಿಗೆ ಮುಟ್ಟಿದವರು ರೋಗದಿಂದ ಪಾರಾದರೆಂದು ತಿಳಿಯಬಹುದು. ‘ವಾಸಿ’ಯ ಮೊದಲ ಅರ್ಥವಿರುವುದು ಆ ಜಗಲಿಯ ಮೇಲೆ.

ಯಕೃತ್ತಿನಲ್ಲೇ ಹುಟ್ಟಿದ ಅರ್ಬುದದ ನಕ್ಷೆಯಲ್ಲಿ ಇಂತಹ ಜಗಲಿ ಸುಲಭವಾಗಿ ಕಾಣುವುದಿಲ್ಲ. ತಕ್ಕ ರೋಗಿಗಳನ್ನು ಆರಿಸಿ ಶಸ್ತ್ರಚಿಕಿತ್ಸೆ ಮಾಡಿದಲ್ಲಿ ನೂರಕ್ಕೆ ೫೦ರಿಂದ ೭೦ ಮಂದಿ ಐದು ವರ್ಷ ಬದುಕಿರುತ್ತಾರೆ. ಒಂದು ಕಾಲದಲ್ಲಿ ತಿಂಗಳುಗಳ ಲೆಕ್ಕದಲ್ಲಿ ಮುಗಿಯುತ್ತಿದ್ದ ರೋಗಕ್ಕೆ ಇದು ದೊಡ್ಡ ಸಾಧನೆಯೇ ಸರಿ. ಆದರೆ ಅದೇ ಐದು ವರ್ಷಗಳಲ್ಲಿ ನೂರಕ್ಕೆ ೭೦ರವರೆಗೆ ರೋಗ ಮರುಕಳಿಸುತ್ತದೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜ. ನೂರರಲ್ಲಿ ೭೦ ಮಂದಿಗೆ ರೋಗ ಮರಳಿ ಬಂದು, ೬೦ ಮಂದಿ ಬದುಕಿದ್ದಾರೆಂದರೆ, ಮರಳಿ ಬಂದ ರೋಗದೊಡನೆ ಹೆಣಗಿ ಬದುಕಿ ಉಳಿದವರು ಕಡಮೆಯೆಂದರೂ ೩೦ ಮಂದಿ ಇದ್ದಾರೆಂದು ಅರ್ಥ. ಮರುಕಳಿಕೆಯೇ ಮರಣವಲ್ಲ. ಈ ರೋಗದ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಮೊದಲ ಮಾತು ಇದು.

ಮರುಕಳಿಕೆಯಲ್ಲಿಯೂ ಎರಡು ಬಗೆಗಳನ್ನು ಗುರುತಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವರ್ಷಗಳೊಳಗೆ ಬರುವುದು ಬಹುಮಟ್ಟಿಗೆ ಹಳೆಯ ಗಡ್ಡೆಯ ಸಂತಾನ. ಕತ್ತರಿಸುವ ಮೊದಲೇ ಅದರ ಕಣಗಳು ರಕ್ತನಾಳದ ದಾರಿ ಹಿಡಿದು ಯಕೃತ್ತಿನ ಬೇರೆಡೆ ಕಣ್ಣಿಗೆ ಕಾಣದಂತೆ ನೆಲೆಸಿರುತ್ತವೆ. ದೇವೀಮಾಹಾತ್ಮ್ಯದ ರಕ್ತಬೀಜಾಸುರನನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಿದ್ದ ಹನಿಹನಿಯಿಂದಲೂ ಹೊಸ ಅಸುರನು ಏಳುತ್ತಾನೆ. ಎರಡು ವರ್ಷಗಳ ಅನಂತರ ಬರುವುದು ಅನೇಕ ವೇಳೆ ಹಳೆಯ ಗಡ್ಡೆಯ ವಂಶವೇ ಅಲ್ಲ. ಉಳಿಸಿಕೊಂಡ ಯಕೃತ್ತಿನಲ್ಲಿ ಸ್ವತಂತ್ರವಾಗಿ ಹುಟ್ಟಿದ ಹೊಸ ಅರ್ಬುದ ಅದು. ಮೊದಲ ಗಡ್ಡೆಯನ್ನು ಹುಟ್ಟಿಸಿದ ನೆಲ ಹಾಗೆಯೇ ಇದೆ; ಅದು ಎರಡನೆಯದನ್ನೂ ಹುಟ್ಟಿಸುತ್ತದೆ. ಮೊದಲನೆಯದಕ್ಕೆ ಹೊಣೆ ಗಡ್ಡೆಯ ಗುಣ, ಎರಡನೆಯದಕ್ಕೆ ಹೊಣೆ ಉಳಿದ ಯಕೃತ್ತಿನ ಗುಣ. ಇದಲ್ಲದೆ, ಅರ್ಬುದವೇ ಮರಳದಿದ್ದರೂ ಸಿರೋಸಿಸ್ಸಿನಿಂದ ಯಕೃತ್ತು ಸೋತು ಸಾಯುವವರೂ ಉಂಟು.

ಈ ಮಾತಿಗೆ ಸಾಕ್ಷ್ಯವನ್ನು ಬೇರೊಂದು ರೋಗದಿಂದ ತರಬಹುದು. ದೊಡ್ಡ ಕರುಳಿನಲ್ಲಿ ಹುಟ್ಟಿದ ಅರ್ಬುದ ಯಕೃತ್ತಿಗೆ ಹರಡುವುದುಂಟು. ಅಲ್ಲಿ ಗಡ್ಡೆ ಹೊರಗಿನಿಂದ ಬಂದದ್ದು. ಯಕೃತ್ತು ಸಾಮಾನ್ಯವಾಗಿ ಆರೋಗ್ಯವಾಗಿರುತ್ತದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದವರು ಇಂತಹ ೬೧೨ ರೋಗಿಗಳನ್ನು ಶಸ್ತ್ರಚಿಕಿತ್ಸೆಯ ಅನಂತರ ಹತ್ತು ವರ್ಷಗಳವರೆಗೆ ಗಮನಿಸಿ ೨೦೦೭ರಲ್ಲಿ ವರದಿ ಮಾಡಿದರು. ಹತ್ತು ವರ್ಷ ದಾಟಿ ಬದುಕಿದವರು ೧೦೨ ಮಂದಿ. ಐದು ವರ್ಷ ಉಳಿದವರಲ್ಲಿಯೂ ಸುಮಾರು ಮೂರರಲ್ಲಿ ಒಬ್ಬರು ಆಮೇಲೆ ಅದೇ ರೋಗಕ್ಕೆ ತುತ್ತಾಗಿದ್ದರು. ಆದರೆ ಹತ್ತು ವರ್ಷ ದಾಟಿದವರಲ್ಲಿ ಆ ರೋಗದಿಂದ ಸತ್ತದ್ದು ಒಬ್ಬರೇ. ಮೆಟ್ಟಿಲುಗಳು ನಿಂತು ಜಗಲಿ ಕಾಣಿಸಿಕೊಂಡದ್ದು ಅಲ್ಲಿ. ಐದು ವರ್ಷವನ್ನೇ ಗೆಲುವಿನ ಗೆರೆಯೆಂದು ಎಣಿಸಬಾರದೆಂಬುದನ್ನೂ, ನೆಲ ಒಳ್ಳೆಯದಾಗಿದ್ದರೆ ನಿಜವಾದ ಗೆರೆ ಎಲ್ಲಿಯೋ ಇದ್ದೇ ಇದೆಯೆಂಬುದನ್ನೂ ಈ ವರದಿ ಒಟ್ಟಿಗೆ ಹೇಳುತ್ತದೆ.

ಹಾಗಾದರೆ ನೆಲವನ್ನೇ ಬದಲಾಯಿಸಿದರೆ ಹೇಗೆ? ಯಕೃತ್ತಿನ ಕಸಿ ಎಂದರೆ ಇದೇ. ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜಲ್ ೧೯೬೩ರಲ್ಲಿ ಮನುಷ್ಯನಲ್ಲಿ ಇದನ್ನು ಮೊದಲು ಪ್ರಯತ್ನಿಸಿದಾಗ ರೋಗಿ ಉಳಿಯಲಿಲ್ಲ. ೧೯೬೭ರಲ್ಲಿ ಅವನು ಯಕೃತ್ತಿನ ಅರ್ಬುದವಿದ್ದ ಒಂದೂವರೆ ವರ್ಷದ ಹೆಣ್ಣುಮಗುವಿಗೆ ಕಸಿ ಮಾಡಿದನು. ಮಗು ಒಂದು ವರ್ಷಕ್ಕೂ ಮೀರಿ ಬದುಕಿತು. ಹೊಸ ಅಂಗ ನಿಂತಿತು, ಆದರೆ ಹರಡಿದ್ದ ಅರ್ಬುದ ಮಗುವನ್ನು ಕೊಂಡೊಯ್ಯಿತು. ಮುಂದೆಯೂ ದೊಡ್ಡ ಗಡ್ಡೆಗಳುಳ್ಳವರಿಗೆ ಕಸಿ ಮಾಡಿ ಹೀಗೆಯೇ ನಿರಾಶರಾದ ವೈದ್ಯರಲ್ಲಿ ಅನೇಕರು ಅರ್ಬುದಕ್ಕೆ ಕಸಿ ಸಲ್ಲದೆಂಬ ತೀರ್ಮಾನಕ್ಕೆ ಬಂದಿದ್ದರು. ಇಟಲಿಯ ಮಿಲಾನಿನಲ್ಲಿ ವಿನ್ಸೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು ೧೯೯೬ರಲ್ಲಿ ೪೮ ರೋಗಿಗಳ ವರದಿ ಪ್ರಕಟಿಸಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಒಂದೇ ಗಡ್ಡೆಯಾದರೆ ಐದು ಸೆಂಟಿಮೀಟರಿಗೆ ಮೀರದಿರಬೇಕು, ಮೂರರವರೆಗೆ ಇದ್ದರೆ ಒಂದೊಂದೂ ಮೂರು ಸೆಂಟಿಮೀಟರಿಗೆ ಮೀರದಿರಬೇಕು, ರಕ್ತನಾಳಕ್ಕೆ ಇಳಿದಿರಬಾರದು. ಈ ನಿಯಮದಂತೆ ಆಯ್ದವರಲ್ಲಿ ನಾಲ್ಕು ವರ್ಷದ ಉಳಿವು ನೂರಕ್ಕೆ ೭೫ರಷ್ಟಿತ್ತು. ಗಡ್ಡೆಯೂ ಹೋಯಿತು, ಗಡ್ಡೆಯನ್ನು ಹೆತ್ತ ನೆಲವೂ ಹೋಯಿತು. ಆದುದರಿಂದಲೇ ಇಲ್ಲಿ ಮರುಕಳಿಕೆ ಕತ್ತರಿಸಿ ತೆಗೆಯುವ ಚಿಕಿತ್ಸೆಗಿಂತ ಬಹಳ ಕಡಮೆ. ಆದರೆ ಕಸಿಗೆ ಬೇಕಾದ ಅಂಗ ಎಲ್ಲಿಂದ ಬರಬೇಕು? ನಮ್ಮ ದೇಶದಲ್ಲಿ ಬಹುಪಾಲು ಬಂಧುಗಳ ದೇಹದಿಂದಲೇ ಬರುತ್ತಿದೆ. ಸತ್ತವರಿಂದ ದೊರೆತ ಅಂಗಗಳನ್ನು ಸರದಿಯಂತೆ ಹಂಚುವ ಕೆಲಸವನ್ನು ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಮಾಡುತ್ತಿದ್ದರೂ ಬೇಡಿಕೆಯ ಮುಂದೆ ದಾನ ಸಣ್ಣದು.

ಕಸಿ ದೊರೆಯದ, ಇಲ್ಲವೆ ಬೇಕಿಲ್ಲದ ರೋಗಿ ತನ್ನ ಹಳೆಯ ನೆಲವನ್ನೇ ಕಾಯ್ದುಕೊಳ್ಳಬೇಕು. ಅದು ಸಾಧ್ಯವೆಂಬುದಕ್ಕೆ ಆಧಾರಗಳಿವೆ. ಹೆಪಟೈಟಿಸ್ ಬಿ ಇದ್ದು ಶಸ್ತ್ರಚಿಕಿತ್ಸೆಯಾದ ತೈವಾನಿನ ರೋಗಿಗಳ ಒಂದು ದೊಡ್ಡ ಅಧ್ಯಯನ ೨೦೧೨ರಲ್ಲಿ ಪ್ರಕಟವಾಯಿತು. ವೈರಸ್ಸನ್ನು ಅಡಗಿಸುವ ಗುಳಿಗೆ ನುಂಗಿದವರಲ್ಲಿ ಆರು ವರ್ಷಗಳಲ್ಲಿ ಮರುಕಳಿಕೆ ನೂರಕ್ಕೆ ಸುಮಾರು ೪೬. ನುಂಗದವರಲ್ಲಿ ಸುಮಾರು ೫೫. ಅಂತರ ದೊಡ್ಡದಲ್ಲವೆನ್ನಿಸಬಹುದು, ಆ ಒಂಬತ್ತು ಮಂದಿಯಲ್ಲಿ ನಮ್ಮವನೊಬ್ಬನಿದ್ದರೆ ಅದು ದೊಡ್ಡದೇ. ಅವಸರದ ಸಂತೋಷ ಬೇಡವೆಂಬುದಕ್ಕೂ ಉದಾಹರಣೆಯಿದೆ. ಶಸ್ತ್ರಚಿಕಿತ್ಸೆಯ ಅನಂತರ ಅಟಿಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಎಂಬ ಎರಡು ಹೊಸ ಔಷಧಿಗಳನ್ನು ಕೊಟ್ಟರೆ ಮರುಕಳಿಕೆ ತಗ್ಗುತ್ತದೆಂದು ೬೬೮ ರೋಗಿಗಳ ಪರೀಕ್ಷೆಯಿಂದ ೨೦೨೩ರಲ್ಲಿ ವರದಿಯಾದಾಗ ವೈದ್ಯಲೋಕವೇ ಹರ್ಷಿಸಿತು. ಅದೇ ರೋಗಿಗಳನ್ನು ಇನ್ನಷ್ಟು ಕಾಲ ಗಮನಿಸಿ ೨೦೨೪ರಲ್ಲಿ ಲೆಕ್ಕ ತೆಗೆದಾಗ ಆ ಲಾಭ ಉಳಿದಿರಲಿಲ್ಲ. ದೂರಕಾಲದ ಫಲವನ್ನು ಹೇಳಬಲ್ಲದ್ದು ದೂರಕಾಲವೊಂದೇ.

ನನ್ನ ಅಣ್ಣನ ವಿಷಯದಲ್ಲಿಯೂ ನಡೆದದ್ದು ಇದೇ ಕ್ರಮದಲ್ಲಿ. ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದುದು ಅವನಿಗೆ ತಿಳಿದದ್ದು ಗಡ್ಡೆಯೊಡನೆಯೇ. ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷ ಕಳೆದ ಮೇಲೆ, ಯಾವ ತೊಂದರೆಯೂ ಇಲ್ಲದಿದ್ದಾಗ, ನಿಯಮಿತ ತಪಾಸಣೆಯಲ್ಲಿ ಬೇರೊಂದು ಖಂಡದಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ ಕಂಡಿತು. ಸಣ್ಣದಾಗಿದ್ದುದರಿಂದ ಹೊಟ್ಟೆ ಕೊಯ್ಯದೆ, ಸೂಜಿಯೊಂದನ್ನು ಚುಚ್ಚಿ ಅದರ ಕಾವಿನಿಂದ ಗಡ್ಡೆಯನ್ನು ಸುಟ್ಟರು. ಆ ದಿನಗಳಲ್ಲಿ ಮನೆಯವರೆಲ್ಲ ಕಂಗೆಟ್ಟಿದ್ದಾಗ ಅವನೇ ನನಗೆ ಸಮಾಧಾನ ಹೇಳಿದ ಮಾತನ್ನು ಇಲ್ಲಿ ಬರೆಯಬೇಕು. ‘ಕೊಳೆ ಬಂದ ಕೊನೆ ಇಳಿಸಿದ ಮಾತ್ರಕ್ಕೆ ತೋಟದ ಕೊಳೆ ಹೋಯಿತು ಅಂತ ಯಾರಾದರೂ ಹೇಳುತ್ತಾರೇನೋ ಮಾರಾಯ? ಪ್ರತಿ ಮಳೆಗಾಲಕ್ಕೂ ಮದ್ದು ಹೊಡೆಯಬೇಕು. ಹಾಗಂತ ತೋಟ ಕಡಿದು ಹಾಕುತ್ತೇವೆಯೆ?’ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ವರ್ಷವರ್ಷವೂ ತಪ್ಪದೆ ಹೊಡೆಯುವವನು ಅವನು. ವೈದ್ಯರು ನಕ್ಷೆ ಬರೆದು ವಿವರಿಸಿದ್ದನ್ನು ಅವನು ತನ್ನ ತೋಟದಲ್ಲಿ ನಿಂತು ಒಂದೇ ಮಾತಿನಲ್ಲಿ ಹೇಳಿದ್ದನು. ಶಸ್ತ್ರಚಿಕಿತ್ಸೆಯಾಗಿ ಹತ್ತು ಮಳೆಗಾಲ ಕಳೆದಿವೆ. ದಿನವೂ ಗುಳಿಗೆ, ಆರು ತಿಂಗಳಿಗೊಮ್ಮೆ ಬೆಂಗಳೂರಿನ ಪ್ರಯಾಣ ನಡೆದೇ ಇದೆ. ‘ವಾಸಿಯಾಯಿತೆ?’ ಎಂದು ಕೇಳಿದವರಿಗೆ ಅವನು ಕೊಡುವ ಉತ್ತರ: ‘ಆಗಿನದಕ್ಕಿಂತ ವಾಸಿ.’ ಪದದ ಎರಡನೆಯ ಅರ್ಥವನ್ನು ಅವನು ವ್ಯಾಕರಣ ಓದದೆ ಆರಿಸಿಕೊಂಡಿದ್ದಾನೆ.

ಇದನ್ನು ಮಾತಿನ ಚಮತ್ಕಾರವೆಂದು ಯಾರೂ ತಿಳಿಯಬಾರದು. ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಶಸ್ತ್ರಚಿಕಿತ್ಸೆಯಾಗಿ ಊರಿಗೆ ಮರಳಿದವನಿಗೆ ಬಂಧುಬಳಗದವರೆಲ್ಲ ಕೂಡಿ ‘ಇನ್ನೇನು, ಎಲ್ಲ ಗುಣವಾಯಿತು’ ಎಂದರೆ ಅವನು ಎರಡನೆಯ ವರ್ಷದ ತಪಾಸಣೆಗೆ ಹೋಗದೆ ಉಳಿಯಬಹುದು. ಬಸ್ಸಿನ ಖರ್ಚು, ಸ್ಕ್ಯಾನಿನ ಖರ್ಚು, ಕೂಲಿ ತಪ್ಪುವ ದಿನ, ಎಲ್ಲವೂ ಆ ನಿರ್ಧಾರಕ್ಕೆ ಒತ್ತಾಸೆಯಾಗುತ್ತವೆ. ಎರಡು ಸೆಂಟಿಮೀಟರಿನಲ್ಲಿ ಸಿಕ್ಕುವ ಗಡ್ಡೆಯನ್ನು ಸುಡಬಹುದು, ಮತ್ತೆ ಕತ್ತರಿಸಬಹುದು, ಕಸಿಯ ಯೋಚನೆ ಮಾಡಬಹುದು. ಎಂಟು ಸೆಂಟಿಮೀಟರಾಗಿ ನಾಳಕ್ಕೆ ಇಳಿದ ಮೇಲೆ ಆ ಬಾಗಿಲುಗಳು ಬಹುತೇಕ ಮುಚ್ಚಿರುತ್ತವೆ. ಇದಕ್ಕೆ ವಿರುದ್ಧವಾಗಿ ‘ಮರಳಿ ಬಂತಂತೆ, ಇನ್ನೇನು ಉಳಿಯಿತು’ ಎಂದು ನಿಟ್ಟುಸಿರು ಬಿಡುವ ಹಿತೈಷಿಗಳೂ ಅಷ್ಟೇ ಅಪಾಯಕಾರಿಗಳು. ಮರಳಿ ಬಂದ ಮೇಲೂ ಉಳಿದ ಮೂವತ್ತು ಮಂದಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನೆಲ ಕೆಡದಂತೆ ಮೊದಲೇ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲೆಂಬುದನ್ನು ಹೇಳದೆ ಈ ವಿಷಯ ಮುಗಿಯದು. ತೈವಾನ್ ದೇಶ ೧೯೮೪ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ನವಜಾತ ಶಿಶುಗಳಿಗೆ ಹಾಕತೊಡಗಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಅರ್ಬುದ ೧೯೮೧-೮೬ರ ಅವಧಿಯಲ್ಲಿ ಲಕ್ಷಕ್ಕೆ ೦.೭೦ ಇದ್ದದ್ದು ೧೯೯೦-೯೪ರ ಅವಧಿಯಲ್ಲಿ ೦.೩೬ಕ್ಕೆ ಇಳಿಯಿತು. ಲಸಿಕೆಯೊಂದು ಅರ್ಬುದವನ್ನು ತಡೆಯಬಲ್ಲುದೆಂದು ಜನಸಮೂಹದಲ್ಲಿ ಮೊದಲು ಕಂಡ ನಿದರ್ಶನ ಅದು. ಭಾರತದಲ್ಲಿ ಈ ಲಸಿಕೆ ೨೦೦೨-೦೩ರಲ್ಲಿ ಕೆಲವು ಕಡೆ ಆರಂಭವಾಗಿ, ೨೦೧೧ರ ಹೊತ್ತಿಗೆ ದೇಶದಾದ್ಯಂತ ಹರಡಿತು. ಮಗು ಹುಟ್ಟಿದ ೨೪ ಗಂಟೆಗಳೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. ಅದಕ್ಕೆ ಮುಂಚೆ ಹುಟ್ಟಿದ ನಮ್ಮಂಥವರಿಗೆ ಒಂದು ರಕ್ತಪರೀಕ್ಷೆಯ ದಾರಿ ತೆರೆದಿದೆ.

ಅಲ್ಲಿಯವರೆಗೆ, ಈ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರನ್ನು ನೋಡಲು ಹೋಗುವ ವಾಚಕರಲ್ಲಿ ನನ್ನದೊಂದು ಬಿನ್ನಹ. ‘ವಾಸಿಯಾಯಿತೆ?’ ಎಂದು ಕೇಳುವುದನ್ನು ಬಿಟ್ಟು, ‘ಮುಂದಿನ ತಪಾಸಣೆ ಎಂದು? ಜೊತೆಗೆ ಯಾರು ಬರುತ್ತಾರೆ?’ ಎಂದು ಕೇಳಿ. ಯಾರೂ ಇಲ್ಲವೆಂದರೆ ನೀವೇ ಹೋಗಿ ಬನ್ನಿ.